‘ಕುಂತ ಕೆಲ್ಸ’ ಅನ್ನೂದು ಬಿಡ್ರಿ

ಮೊನ್ನೆ ಕುಬಸಕ್ಕ ಹೋದಾಗ ಒಬ್ರು ಅಂದ್ರು, ‘ನಿಮ್ಮ ಸೊಸಿದು ಬಿಡ್ರಿ, ಎಸಿಯಾಗ ಕುಂತು ಗುಂಡಿ ಒತ್ತೋ ಕೆಲ್ಸ. ನಮ್ಮಂಗ ಮುಸುರಿ ತಿಕ್ಕಬೇಕೇನು?’ ಎಲ್ಲಾರೂ ನಕ್ರು. ನಾನೂ ನಕ್ಕೆ. ಮನಿಗೆ ಬಂದ ಮ್ಯಾಲ ಯಾಕರ ನಕ್ಕೆ ಅಂತ ನಾಚಿಕಿ ಆತು. ಅದಕ್ಕ ಇವತ್ತು ಸ್ವಲ್ಪ ಖಾರಾಗೇ ಬರೀತೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ.

ಕೂಸು ನೋಡಾಕಂತ ನಾ ಬೆಂಗಳೂರಾಗ ಎಂಟು ತಿಂಗಳು ಇದ್ದೆ. ಸೊಸಿದು ಸಾಫ್ಟ್‌ವೇರ್ ಕಂಪನಿ. ಮುಂಜಾನೆ 9ಕ್ಕ ಲ್ಯಾಪ್‌ಟಾಪ್ ತೆಗೆದ್ರ ಸಂಜಿಗೆ ಮುಗಿಯೂದಿಲ್ಲ. ರಾತ್ರಿ 9:30 ಅಂದ್ರ ಇಲ್ಲಿ ಕೂಸು ಮಲಗೋ ಹೊತ್ತು. ಬ್ಯಾಸಗಿಯೊಳಗ ಕ್ಯಾಲಿಫೋರ್ನಿಯಾದಾಗ ಅದು ಮುಂಜಾನೆ 9. ಅವರ ಆಫೀಸ್ ತೆರೀತು, ಇಲ್ಲಿ ಮೀಟಿಂಗ್ ಶುರು. ತಾಟಿನ್ಯಾಗಿನ ರೊಟ್ಟಿ ಒಣಗಿ ಹಪ್ಪಳ ಆಗತಿತ್ತು. ಕೂಸು ಅತ್ರ ಆಕಿ ಮೈಕ್ ಬಂದ್ ಮಾಡಿ, ‘ಅತ್ತಿಯಾರ, ಐದ ನಿಮಿಷ’ ಅಂತಿದ್ಲು. ಆ ಐದು ನಿಮಿಷ ಹನ್ನೊಂದೂವರಿ ತನಕ ನಡೀತಿತ್ತು.

ಹೆರಿಗಿ ರಜಾ ಮುಗಿಸಿ ಹೋದ ವರ್ಷ ಆಕಿ ರೇಟಿಂಗ್ ಕೆಳಗ ಬಂತು. ‘ಈ ವರ್ಷ ನೀವು ಅಷ್ಟು ಕಾಣ್ಲಿಲ್ಲ’ ಅಂದ್ರಂತ ಮ್ಯಾನೇಜರ್. ಎಲ್ಲಿಂದ ಕಾಣಬೇಕು? ಹಡದು ಮಲಗಿದ್ಲು! 26 ವಾರದ ರಜಾ 2017ರಿಂದ ಕಾನೂನಿನ್ಯಾಗ ಐತಿ, ಯಾರೂ ದಾನಾ ಕೊಟ್ಟಿದ್ದಲ್ಲ. 50 ಮಂದಿ ದುಡಿಯೋ ಕಡೆ ಕೂಸಿನ ಮನಿ ಇರಬೇಕು ಅಂತನೂ ಅದ ಕಾನೂನು ಹೇಳತೈತಿ. ಆಕಿ ಕಂಪನಿಗೆ ಕೂಸಿನ ಮನಿ ಯಾರಾಗಿದ್ರು? ನಾನು. ಪಗಾರ ಇಲ್ಲದ್ದು.

2023ರಾಗ ನಾರಾಯಣ ಮೂರ್ತಿಯವರು ಹುಡುಗ್ರು ವಾರಕ್ಕ 70 ತಾಸು ದುಡೀಬೇಕು ಅಂದ್ರು. ಲೆಕ್ಕಾ ಹಾಕ್ರಿ. ವಾರಕ್ಕ 168 ತಾಸು. ಕೆಲ್ಸಕ್ಕ 70, ನಿದ್ದಿಗೆ 56. ಉಳಿದದ್ದು ದಿನಕ್ಕ 6 ತಾಸು. ಅದರಾಗ ಸಿಲ್ಕ್ ಬೋರ್ಡ್ ಟ್ರಾಫಿಕ್, ಜಳಕ, ಊಟ, ಸಂತಿ, ಅರಬಿ, ಕೂಸು. ಮತ್ತ ರೊಟ್ಟಿ ಬಡಿಯವರು ಯಾರು? 70 ತಾಸಿನ ಕೆಲ್ಸ ಅಂದ್ರ ಇಬ್ಬರ ಕೆಲ್ಸ, ಪಗಾರ ಮಾತ್ರ ಒಬ್ಬರಿಗೆ.

ಅವರ ಮನೀದ ನೋಡ್ರಿ. 1981ರಾಗ ಕಂಪನಿ ಶುರು ಮಾಡಾಕ 10,000 ರೂಪಾಯಿ ಕೊಟ್ಟವರು ಹುಬ್ಬಳ್ಳಿ ಬಿವಿಬಿಯೊಳಗ ಇಂಜಿನಿಯರಿಂಗ್ ಓದಿದ ನಮ್ಮ ಸುಧಾ ಮೂರ್ತಿ. ರೊಕ್ಕಾ ಬೇಕಾತು, ಆದ್ರ ಕಂಪನಿಯೊಳಗ ಅವರಿಗೆ ಜಾಗಾ ಸಿಗಲಿಲ್ಲ. ಅದು ತಪ್ಪಾಗಿತ್ತು ಅಂತ ಮೂರ್ತಿಯವರ ಮುಂದ ಒಪ್ಪಿಕೊಂಡ್ರು.

2024ರಾಗ ಐಟಿ ಮಂದಿನ್ನ ದಿನಕ್ಕ 12 ತಾಸಿಗಿಂತ ಹೆಚ್ಚು ದುಡಿಸಾಕ ದಾರಿ ಮಾಡೋ ತಿದ್ದುಪಡಿ ಮಾತು ನಮ್ಮ ರಾಜ್ಯದಾಗ ಬಂತು. ಕೆಐಟಿಯು ಅನ್ನೋ ನೌಕರರ ಸಂಘದವರು ಬೀದಿಗೆ ಇಳಿದ್ರು. ನಾವು ಆವಾಗೂ ‘ಕುಂತ ಕೆಲ್ಸ’ ಅಂತಿದ್ವಿ.

‘ಪಗಾರ ಭಾಳ ಕೊಡ್ತಾರಲ್ಲ’ ಅಂತೀರಿ. ಕೊಡ್ತಾರ, ಖರೆ. ಆದ್ರ ಅದು ಹಗಲಿಂದು. ರಾತ್ರೀದು ಯಾವ ಲೆಕ್ಕದಾಗೂ ಇಲ್ಲ.

ಈಗ ನನ್ನ ತಪ್ಪು ಹೇಳ್ತೀನಿ. ನನ್ನ ಮಗಾನೂ ಅಂಥಾದ ಕೆಲ್ಸ ಮಾಡ್ತಾನ. ಅವಗ ಮಾತ್ರ ಮೀಟಿಂಗ್ ಇದ್ದಾಗ ಬಿಸಿ ರೊಟ್ಟಿ ಟೇಬಲ್ಲಿಗೆ ಒಯ್ದು ಕೊಡ್ತಿದ್ದೆ. ಆಕಿದು ಮುಚ್ಚಿ ಇಡ್ತಿದ್ದೆ. ಕಂಪನಿಯವರು ಸೊಸಿಗೆ ಒಂದು ಅನ್ಯಾಯ ಮಾಡಿದ್ರ ಎರಡನೇದು ನಾ ಮಾಡಿದ್ದೆ. ಒಂದಿನ ಮಗನ್ನ ಎಬ್ಬಿಸಿ, ‘ಇವತ್ತಿಂದ ರಾತ್ರಿ ಕೂಸು ಮಲಗಸೂದು ನಿಂದು’ ಅಂದೆ. ಮಾರಿ ಸಣ್ಣದು ಮಾಡಿದ. ವಾರದಾಗ ಕಲ್ತ.

ಇನ್ನ ಮ್ಯಾಲ ಕುಬಸದಾಗ ಯಾರರ ‘ಕುಂತ ಕೆಲ್ಸ’ ಅಂದ್ರ ನಾ ನಗೂದಿಲ್ಲ. ಒಂದ ಮಾತು ಕೇಳ್ತೀನಿ: ನಿನ್ನೆ ರಾತ್ರಿ ನಿಮ್ಮ ಸೊಸಿ ಎಷ್ಟಕ್ಕ ಉಂಡ್ಲು?