ಠಾಣೆಗೆ ಕರೆದರೆ ಕಾಗದ ಕೇಳಿ

"ಸಾಹೇಬ್ರು ಕರೀತಾರೆ, ಒಂದ್ ಗಳಿಗೆ ಬಂದು ಹೋಗು."

ನಮ್ಮಂಥ ಜಿಲ್ಲಾ ಪಟ್ಟಣಗಳಲ್ಲಿ ಪೋಲೀಸ್ ಅಧಿಕಾರವು ಬಡವನಿಗೆ ಎದುರಾಗುವುದು ಸಾಮಾನ್ಯವಾಗಿ ಈ ಒಂದು ಮಾತಿನ ರೂಪದಲ್ಲಿ. ಲಾಠಿ ಪ್ರಹಾರ, ಗೋಲೀಬಾರು ವೃತ್ತಪತ್ರಿಕೆಗಳಿಗೆ ಸುದ್ದಿಯಾಗುತ್ತವೆ; ಈ ಮಾತು ಸುದ್ದಿಯಾಗುವುದಿಲ್ಲ. ಯಾರೋ ಕೊಟ್ಟ ಅರ್ಜಿಯ ನೆಪದಲ್ಲಿ, ರಾತ್ರಿ ಪಾಳಿ ಮುಗಿಸಿ ಬಂದ ಗಿರಣಿ ಕಾರ್ಮಿಕನನ್ನೋ, ಬಸ್ ನಿಲ್ದಾಣದ ಮುಂದೆ ಬಾಳೆಹಣ್ಣಿನ ಗಾಡಿ ನಿಲ್ಲಿಸಿಕೊಂಡವನನ್ನೋ ಕರೆಯುತ್ತಾರೆ. ಅವನು ಹೊತ್ತು ಮುಳುಗುವ ತನಕ ಠಾಣೆಯ ಬೆಂಚಿನ ಮೇಲೆ ಕೂರುತ್ತಾನೆ. ದಿನದ ಕೂಲಿ ಹೋಯಿತು, ಗಾಡಿಯ ಹಣ್ಣು ಕೊಳೆಯಿತು. ಏಕೆ ಕರೆದರು, ಎಷ್ಟು ಹೊತ್ತು ಕೂರಿಸಿದರು, ಯಾರು ಬೈದರು ಎಂಬುದಕ್ಕೆ ಎಲ್ಲಿಯೂ ಒಂದು ಸಾಲಿನ ಬರಹವಿಲ್ಲ. ಸರ್ಕಾರದ ಲೆಕ್ಕದಲ್ಲಿ ಅವನು ಅಂದು ಠಾಣೆಗೆ ಹೋಗಿಯೇ ಇಲ್ಲ!

ಪೋಲೀಸರಿಗೆ ಅಧಿಕಾರವೇ ಬೇಡವೆಂದು ನಾವು ವಾದಿಸುವುದಿಲ್ಲ. ಕಳ್ಳನನ್ನು ಹಿಡಿಯಲು, ಹೊಡೆದಾಟ ಬಿಡಿಸಲು ಅಧಿಕಾರ ಬೇಕು. ಆದರೆ ಕಾನೂನು ಅವರಿಗೆ ಕೊಟ್ಟ ಅಧಿಕಾರದ ಮುಖ್ಯ ಹೆಜ್ಜೆಗಳಿಗೆಲ್ಲ ಒಂದೊಂದು ಕಾಗದವನ್ನು ಕಟ್ಟಿಹಾಕಿದೆ. ಆ ಕಾಗದವಿಲ್ಲದೆ ಚಲಾಯಿಸುವ ಅಧಿಕಾರ ಕಾನೂನಿನದಲ್ಲ, ದರ್ಪದ್ದು. ಇದನ್ನು ಕಾರ್ಮಿಕರೂ ಚಿಲ್ಲರೆ ವ್ಯಾಪಾರಿಗಳೂ ಬಾಯಿಪಾಠ ಮಾಡಿಕೊಳ್ಳಬೇಕು.

1973ರ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಕಲಮುಗಳ ನಂಬರು ಬದಲಾಗಿದೆ; ಕಾಗದದ ಕಟ್ಟಳೆ ಬದಲಾಗಿಲ್ಲ. ಸಾಕ್ಷಿ ಹೇಳಲು ನಿಮ್ಮನ್ನು ಕರೆಸಬೇಕಾದರೆ 179ನೇ ಕಲಮಿನಂತೆ ಲಿಖಿತ ಆದೇಶ ಬೇಕು. ಹೆಂಗಸರನ್ನು, 15 ವರ್ಷದೊಳಗಿನ ಹುಡುಗರನ್ನು, 60 ದಾಟಿದ ಗಂಡಸರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆಯವರನ್ನು ಹಾಗೆ ಠಾಣೆಗೆ ಬರಹೇಳುವಂತಿಲ್ಲ. ಅವರ ಮನೆಗೇ ಹೋಗಿ ವಿಚಾರಿಸಬೇಕು. ನಿಮ್ಮ ಮೇಲೆಯೇ ಆಪಾದನೆ ಇದ್ದು, ದಸ್ತಗಿರಿಯ ಅಗತ್ಯವಿಲ್ಲದಿದ್ದರೆ, 35ನೇ ಕಲಮಿನಂತೆ ನೋಟೀಸು ಕೊಡಬೇಕು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಕಾರಣ ಬರೆದಿಡದೆ ಸುಮ್ಮನೆ ದಸ್ತಗಿರಿ ಮಾಡಕೂಡದೆಂದು ಅರ್ನೇಶ್ ಕುಮಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2014ರಲ್ಲಿಯೇ ಹೇಳಿತು. ಈ ನೋಟೀಸನ್ನು ವಾಟ್ಸಾಪಿನಲ್ಲಿ ಕಳಿಸಿ ಕೈತೊಳೆದುಕೊಳ್ಳುವಂತಿಲ್ಲವೆಂದು 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ಆಜ್ಞೆ ಮಾಡಿತು. ಹಾಗೆಂದು ಸರಿಯಾದ ನೋಟೀಸು ಕೈಗೆ ಬಂದಮೇಲೆ ಮನೆಯಲ್ಲಿ ಕುಳಿತರೆ ನಷ್ಟ ನಿಮಗೇ. ಹೋಗಲೇಬೇಕು, ಹೋಗದಿದ್ದರೆ ಅದೇ ದಸ್ತಗಿರಿಗೆ ಕಾರಣವಾಗುತ್ತದೆ.

ದಸ್ತಗಿರಿಯೇ ಆದರೆ? ಹಿಡಿಯುವ ಅಧಿಕಾರಿಯ ಎದೆಯ ಮೇಲೆ ಅವನ ಹೆಸರು ಕಾಣುವಂತಿರಬೇಕು. ದಿನ, ಗಂಟೆ ನಮೂದಿಸಿದ ದಸ್ತಗಿರಿ ಪತ್ರವನ್ನು ಅಲ್ಲಿಯೇ ಬರೆದು, ಮನೆಯವರೊಬ್ಬರ ಅಥವಾ ಆ ಬೀದಿಯ ಗೌರವಸ್ಥರೊಬ್ಬರ ರುಜು ಪಡೆಯಬೇಕು. ಬಂಧುಗಳಿಗೆ ಸುದ್ದಿ ತಿಳಿಸಬೇಕು. ಈ ನಿಯಮಗಳು ಹುಟ್ಟಿದ ಬಗೆ ನೆನಪಿಡುವಂಥದು. ಲಾಕಪ್ಪಿನ ಸಾವುಗಳ ಬಗ್ಗೆ ಪಶ್ಚಿಮ ಬಂಗಾಳದ ಡಿ. ಕೆ. ಬಸು ಅವರು 1986ರಲ್ಲಿ ಮುಖ್ಯ ನ್ಯಾಯಾಧೀಶರಿಗೆ ಒಂದು ಪತ್ರ ಬರೆದರು. ಆ ಪತ್ರವನ್ನೇ ಅರ್ಜಿಯೆಂದು ಎಣಿಸಿ ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ದಸ್ತಗಿರಿಯ ಕಾರಣವನ್ನು ಬರಹದಲ್ಲಿ, ಅದೂ ಹಿಡಿದವನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂದು 2025ರ ನವೆಂಬರಿನಲ್ಲಿ ಇನ್ನೊಂದು ತೀರ್ಪು ಬಂತು. ಕನ್ನಡ ಬಲ್ಲವನಿಗೆ ಕನ್ನಡದಲ್ಲಿ ಎಂದು ಇದರ ಅರ್ಥ.

ಗಂಟೆಯ ನಮೂದು ಏಕೆ ಇಷ್ಟು ಮುಖ್ಯ? ರಾಜ್ಯಾಂಗದ 22ನೇ ವಿಧಿಯಂತೆ, ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಶನಿವಾರ ಕರೆದೊಯ್ದು ಸೋಮವಾರ ಹಿಡಿದೆವೆಂದು ಬರೆದರೆ ಆ ವಿಧಿ ಸತ್ತ ಅಕ್ಷರವಾಗುತ್ತದೆ. ಅದಕ್ಕೇ ಕರೆದೊಯ್ದ ಗಂಟೆಯನ್ನು ನಮ್ಮ ಕಡೆಯವರೂ ಬರೆದಿಟ್ಟುಕೊಳ್ಳಬೇಕು.

ಗಾಡಿ ವ್ಯಾಪಾರಿಗಳಿಗೆ 2014ರ ಬೀದಿ ವ್ಯಾಪಾರಿಗಳ ಕಾಯಿದೆ ಇದೆ. ಸ್ಥಳೀಯ ಸಂಸ್ಥೆಯವರು ಸಾಮಾನು ಜಪ್ತಿ ಮಾಡಿದರೆ ಪಟ್ಟಿ ಬರೆದು ರುಜು ಹಾಕಿದ ಪ್ರತಿ ಕೊಡಬೇಕು. ಕೇಳಿಕೊಂಡು ಹೋದರೆ ಹಣ್ಣು ತರಕಾರಿಯನ್ನು ಅದೇ ದಿನ, ಕೆಡದ ಸಾಮಾನನ್ನು ಎರಡು ಕೆಲಸದ ದಿನಗಳೊಳಗೆ ಬಿಡಬೇಕು. ಪರವಾನಿಗೆಯ ಷರತ್ತಿನಂತೆ ವ್ಯಾಪಾರ ಮಾಡುವವನನ್ನು ಪೋಲೀಸರು ತಡೆಯುವಂತಿಲ್ಲ. ದಂಡ ಕಟ್ಟಿದರೆ ರಸೀದಿ. ರಸೀದಿ ಇಲ್ಲದೆ ಕೊಟ್ಟದ್ದು ದಂಡವಲ್ಲ, ಮಾಮೂಲು. ನಾವೇ ಫಿರ್ಯಾದು ಕೊಡಹೋದಾಗಲೂ ಇದೇ ಮಾತು. ದಸ್ತಗಿರಿಗೆ ತಕ್ಕ ಅಪರಾಧವೆಂದು ಕಂಡರೆ ಎಫ್.ಐ.ಆರ್. ದಾಖಲಿಸಲೇಬೇಕೆಂದು 2013ರಲ್ಲಿ ಲಲಿತಾ ಕುಮಾರಿ ಮೊಕದ್ದಮೆಯಲ್ಲಿ ತೀರ್ಮಾನವಾಗಿದೆ. ಅದರ ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು. ಬರೆದುಕೊಳ್ಳದಿದ್ದರೆ ಜಿಲ್ಲಾ ಸೂಪರಿಂಟೆಂಡೆಂಟರಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿದ್ದಾರೆ.

ಕಾಗದ ಕೇಳಿ ಎಂದರೆ ಮುಂದಿಟ್ಟ ಕಾಗದಕ್ಕೆಲ್ಲ ರುಜು ಹಾಕಿ ಎಂದಲ್ಲ. ತನಿಖೆಯಲ್ಲಿ ಪೋಲೀಸರು ಬರೆದುಕೊಳ್ಳುವ ಹೇಳಿಕೆಗೆ ರುಜು ಹಾಕಿಸಕೂಡದೆಂದು ಕಾನೂನೇ ಹೇಳುತ್ತದೆ. ಖಾಲಿ ಹಾಳೆಗೆ, ಓದಿ ಹೇಳದ ಮುಚ್ಚಳಿಕೆಗೆ ಹೆಬ್ಬೆಟ್ಟು ಒತ್ತಬೇಡಿ. ಸಾಲ, ಬಾಡಿಗೆ, ಸಂಬಳದ ತಕರಾರುಗಳನ್ನು ತೀರ್ಮಾನಿಸುವ ಜಾಗ ಠಾಣೆಯಲ್ಲ.

"ಇದೆಲ್ಲ ಸರಿ, ಆದರೆ ಕಾಗದ ಕೇಳಿದವನ ಕಪಾಳಕ್ಕೆ ಬಿದ್ದರೆ?" ವಾಚಕರು ಹೀಗೆ ಕೇಳುವುದು ನ್ಯಾಯವೇ. ಹೊಸ ಸಂಹಿತೆಯ 172ನೇ ಕಲಮು ಈ ಭಯವನ್ನು ಹೆಚ್ಚಿಸಿದೆ. ಪೋಲೀಸಿನವನ ನ್ಯಾಯಬದ್ಧ ಸೂಚನೆಯನ್ನು ಪಾಲಿಸದವನನ್ನು ಹಿಡಿದಿಟ್ಟು, ಸಣ್ಣ ಪ್ರಕರಣವಾದರೆ 24 ಗಂಟೆಯೊಳಗೆ ಬಿಡಬಹುದೆಂದು ಅದು ಹೇಳುತ್ತದೆ. ಸೂಚನೆ ನ್ಯಾಯಬದ್ಧವೋ ಅಲ್ಲವೋ ಎಂದು ಬೀದಿಯಲ್ಲಿ ತೀರ್ಮಾನಿಸುವವರು ಯಾರು? ಸೂಚನೆ ಕೊಟ್ಟವನೇ! ಪ್ರಶ್ನೆ ಕೇಳಿದ್ದನ್ನೇ ಅವಿಧೇಯತೆ ಎನ್ನಲು ಇಲ್ಲಿ ದಾರಿ ಇದೆ. ಇದನ್ನು ತಿದ್ದಬೇಕು.

ಕಾಗದವೊಂದೇ ಪ್ರಾಣ ಉಳಿಸುವುದಿಲ್ಲವೆಂಬುದನ್ನೂ ಒಪ್ಪಬೇಕು. 2020ರ ಜೂನ್‌ನಲ್ಲಿ ತಮಿಳುನಾಡಿನ ಸಾತಾನ್‌ಕುಳಂ ಎಂಬ ಊರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ತಂದೆ ಮಗನನ್ನು ಪೋಲೀಸರು ಹಿಡಿದರು. ಲಾಕ್‌ಡೌನಿನ ವೇಳೆ ಮೀರಿ ಅಂಗಡಿ ತೆರೆದಿದ್ದರೆಂಬುದು ಆಪಾದನೆ. ಎಫ್.ಐ.ಆರ್. ಇತ್ತು, ವೈದ್ಯರ ಪತ್ರವಿತ್ತು, ಮ್ಯಾಜಿಸ್ಟ್ರೇಟರ ಆದೇಶವಿತ್ತು. ಆದರೂ ಠಾಣೆಯಲ್ಲಿ ತಿಂದ ಪೆಟ್ಟಿನಿಂದ ಕೆಲವೇ ದಿನಗಳಲ್ಲಿ ಇಬ್ಬರೂ ಸತ್ತರು. ವ್ಯಾಪಾರಿಗಳು ಅಂಗಡಿ ಮುಚ್ಚಿ ಬೀದಿಗಿಳಿದರು. ಅದೇ ಠಾಣೆಯ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಧೈರ್ಯವಾಗಿ ಸಾಕ್ಷಿ ಹೇಳಿದರು. ಆಮೇಲೆ ಸಿ.ಬಿ.ಐ. ತನಿಖೆಯಾಗಿ ಪೋಲೀಸರ ಮೇಲೆ ಕೊಲೆಯ ಆರೋಪಪಟ್ಟಿ ಬಂತು. ಕಾಗದಕ್ಕೆ ಜೀವ ಬರುವುದು ಅದರ ಹಿಂದೆ ಜನ ನಿಂತಾಗ.

ಆ ಹೆಡ್ ಕಾನ್‌ಸ್ಟೇಬಲರನ್ನು ಮರೆಯಬಾರದು. ಖಾಕಿ ತೊಟ್ಟವರೆಲ್ಲ ನಮ್ಮ ವೈರಿಗಳಲ್ಲ. ಕಾನ್‌ಸ್ಟೇಬಲನೂ ನಮ್ಮಂಥ ಮನೆಗಳಿಂದಲೇ ಬಂದವನು. 1966ರ ಕಾಯಿದೆ ಅವನ ಸಂಘ ಕಟ್ಟುವ ಹಕ್ಕಿಗೆ ಬೇಲಿ ಹಾಕಿದೆ. 2016ರಲ್ಲಿ ಕರ್ನಾಟಕದ ಪೋಲೀಸರು ಸಾಮೂಹಿಕ ರಜೆಯ ಮಾತೆತ್ತಿದಾಗ ಅವರ ದುಡಿಮೆಯ ಕಷ್ಟ ನಾಡಿಗೆ ತಿಳಿಯಿತು. ಮೇಲಿನವರ ಬಾಯಿಮಾತಿನ ಹುಕುಮಿಗೆ ಕುಣಿಯಬೇಕಾದ ಅವನಿಗೂ ಬರಹದ ಆದೇಶವೇ ರಕ್ಷೆ.

ಆದ್ದರಿಂದ ಒಬ್ಬೊಬ್ಬರೇ ಠಾಣೆಗೆ ಹೋಗುವುದನ್ನು ಬಿಡೋಣ. ಗಿರಣಿಯ ಸಂಘದಲ್ಲಿ, ವ್ಯಾಪಾರಿಗಳ ಸಂಘದಲ್ಲಿ ಒಂದೊಂದು ರಿಜಿಸ್ಟರು ಇಡಿ. ಯಾರನ್ನು, ಯಾವ ಗಂಟೆಗೆ, ಯಾರು ಕರೆದರು, ಯಾವಾಗ ಬಿಟ್ಟರು ಎಂದು ಅದರಲ್ಲಿ ಬರೆಯಿರಿ. ಕರೆ ಬಂದವನ ಜೊತೆ ಇಬ್ಬರು ಹೋಗಿ. ಮಾತು ಮರ್ಯಾದೆಯಿಂದಿರಲಿ, ಕೈ ಕಟ್ಟಿರಲಿ, ಪ್ರಶ್ನೆ ಮಾತ್ರ ಬಿಡಬೇಡಿ: "ಸ್ವಾಮಿ, ಬರಹದಲ್ಲಿ ಕೊಡಿ." ವಕೀಲರಿಗೆ ಹಣವಿಲ್ಲವೆಂದು ಹಿಂಜರಿಯಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯು ಹೆಂಗಸರಿಗೆ, ಪರಿಶಿಷ್ಟರಿಗೆ, ಕಸ್ಟಡಿಯಲ್ಲಿರುವವರಿಗೆ ಮಾತ್ರವಲ್ಲ, ಕೈಗಾರಿಕಾ ಕಾರ್ಮಿಕನಿಗೂ ಪುಕ್ಕಟೆ ವಕೀಲರನ್ನು ಕೊಡಿಸುತ್ತದೆ. ಜಿಲ್ಲಾ ನ್ಯಾಯಾಲಯದಲ್ಲಿ ಅದರ ಕಚೇರಿ ಇದೆ; 15100ಕ್ಕೆ ಫೋನು ಮಾಡಿದರೂ ಆದೀತು.

ಸರ್ಕಾರವನ್ನು ನಾವು ಕೇಳುವುದು ಹೊಸದೇನನ್ನೂ ಅಲ್ಲ. ನೋಟೀಸೂ ದಸ್ತಗಿರಿಯ ಕಾರಣವೂ ಕನ್ನಡದಲ್ಲಿರಲಿ. 2020ರಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಿದಂತೆ ಪ್ರತಿ ಠಾಣೆಯಲ್ಲೂ ಸಿ.ಸಿ.ಟಿ.ವಿ. ಇರಲಿ, ಇರುವುದು ಕೆಲಸ ಮಾಡಲಿ. ಠಾಣೆಯೊಳಗೆ ಕಾಲಿಟ್ಟ ಪ್ರತಿಯೊಬ್ಬನ ಹೆಸರೂ ಗಂಟೆಯೂ ಬರಹದಲ್ಲಿರಲಿ. ಸಂಬಳದ ಚೀಟಿ ಇಲ್ಲದೆ ಗಿರಣಿ ಮಾಲೀಕನ ಲೆಕ್ಕವನ್ನು ಒಪ್ಪದವರು ನಾವು. ಪೋಲೀಸಿನವರ ಬಾಯಿಲೆಕ್ಕವನ್ನು ಮಾತ್ರ ಏಕೆ ಒಪ್ಪಬೇಕು?