ಶವರ್ ಹಾಕಿಸುವ ಮೊದಲು ಕೌನ್ಸಿಲನ್ನು ಕೇಳಿ



ನ್ಯೂಜಿಲೆಂಡಿನಲ್ಲಿ ಮನೆ ಕೊಂಡ ನಮ್ಮವರು, ಊರಿನಿಂದ ಅಪ್ಪ ಅಮ್ಮ ಬರುತ್ತಾರೆಂದು ಇನ್ನೊಂದು ಶವರ್ ಹಾಕಿಸಲು ಹೊರಡುತ್ತಾರೆ. ‘ಮನೆ ನಮ್ಮದು, ಯಾರನ್ನು ಕೇಳಬೇಕು?’ ಎಂಬ ಮಾತು ಇಲ್ಲಿ ನಡೆಯದು. 2004ರ ಕಟ್ಟಡ ಕಾಯ್ದೆಯಡಿ, ಹಳೆಯ ಟಬ್ ತೆಗೆದು ಆ ಜಾಗದಲ್ಲಿ ರೆಡಿಮೇಡ್ ಶವರನ್ನು ಲೈಸೆನ್ಸ್ ಇರುವ ಪ್ಲಂಬರ್ ಕೂರಿಸಿದರೆ ಸಾಮಾನ್ಯವಾಗಿ ಸ್ಥಳೀಯ ಕೌನ್ಸಿಲಿನ ಕಟ್ಟಡ ಅನುಮತಿ ಬೇಕಿಲ್ಲ. ಹೆಚ್ಚುವರಿ ಶವರ್ ಸೇರಿಸಿದರೆ ಬೇಕು. ವಯಸ್ಸಾದವರಿಗೆ ಅನುಕೂಲವಾದ, ಮೆಟ್ಟಿಲಿಲ್ಲದ ಟೈಲ್ಸ್ ಶವರಿಗೂ ಬೇಕು. ಏಕೆಂದರೆ ಟೈಲ್ಸ್ ಅಡಿಯ ಜಲನಿರೋಧಕ ಪದರ ಎಲ್ಲಾದರೂ ಸೋರಿದರೆ ಮರದ ಚೌಕಟ್ಟಿನ ಗೋಡೆ ಒಳಗೊಳಗೇ ಕೊಳೆಯುತ್ತದೆ. ವಾಸನೆ ಬರುವವರೆಗೆ ಗೊತ್ತೇ ಆಗುವುದಿಲ್ಲ. ಅನುಮತಿಯಿಲ್ಲದ ಕೆಲಸ ಮನೆ ಮಾರುವಾಗಲೂ ಕಾಡುತ್ತದೆ. ದಯವಿಟ್ಟು ಟೈಲ್ಸ್ ಆರಿಸುವ ಮೊದಲೇ ನಿಮ್ಮ ಕೌನ್ಸಿಲಿಗೆ ಫೋನ್ ಮಾಡಿ.

— ಓದುಗ, ಆಕ್ಲೆಂಡ್