ಪರದೇಶಕ್ಕೆ ಹೋಗುವ ಪೊಲೀಸರ ಲೆಕ್ಕ ಸದನಕ್ಕೆ ಬರಲಿ

ಕರ್ನಾಟಕದ ಪೊಲೀಸ್ ಅಧಿಕಾರಿಯೊಬ್ಬರು ದೇಶದ ಗಡಿಯಿಂದಾಚೆ ಕರ್ತವ್ಯಕ್ಕೆ ಹೋದಾಗ ಅವರ ಪ್ರಯಾಣ, ವಸತಿ, ಭತ್ಯೆಗಳ ಹಣ ಯಾವ ಬೊಕ್ಕಸದಿಂದ ಬರುತ್ತದೆ, ಅಲ್ಲಿ ಅವರು ನಡೆದುಕೊಳ್ಳುವ ರೀತಿಗೆ ಯಾರು ಉತ್ತರ ಕೊಡಬೇಕು ಎಂಬ ಎರಡು ಪ್ರಶ್ನೆಗಳನ್ನು ವಿಧಾನಮಂಡಲ ಒಟ್ಟಾಗಿ ಎತ್ತಿಕೊಳ್ಳುವ ಕಾಲ ಬಂದಿದೆ. ಈ ಪ್ರಶ್ನೆಗಳಲ್ಲಿ ಮೈಸೂರಿಗೆ ವಿಶೇಷ ಪಾಲಿದೆ, ಏಕೆಂದರೆ ರಾಜ್ಯದ ಪೊಲೀಸ್ ಅಧಿಕಾರಿಗಳು ತರಬೇತಿ ಪಡೆಯುವ ಕರ್ನಾಟಕ ಪೊಲೀಸ್ ಅಕಾಡೆಮಿ ಇರುವುದು ಈ ನಗರದಲ್ಲಿ. ಸಾರ್ವಜನಿಕ ಹಣದಿಂದ ಇಲ್ಲಿ ರೂಪುಗೊಂಡ ಅಧಿಕಾರಿ ಎಲ್ಲಿಗೇ ಹೋಗಲಿ, ಅವರ ಮೇಲಿನ ಸಾರ್ವಜನಿಕ ಹಕ್ಕು ವಿಮಾನ ನಿಲ್ದಾಣದ ಬಾಗಿಲಲ್ಲಿ ಕೊನೆಗೊಳ್ಳಬಾರದು.

ಕಾನೂನಿನ ಸ್ಥಿತಿಯನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಸಂವಿಧಾನದ ಏಳನೆಯ ಅನುಸೂಚಿಯಂತೆ ಪೊಲೀಸ್ ರಾಜ್ಯಪಟ್ಟಿಗೆ ಸೇರಿದ ವಿಷಯ, ವಿದೇಶಾಂಗ ವ್ಯವಹಾರ ಕೇಂದ್ರಪಟ್ಟಿಗೆ ಸೇರಿದ್ದು. ಭಾರತದೊಳಗೆ ಆರೋಪಿಯನ್ನು ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರವುಳ್ಳ ಪೊಲೀಸ್ ಅಧಿಕಾರಿ ಅವನನ್ನು ಬೆನ್ನಟ್ಟಿ ಯಾವ ರಾಜ್ಯಕ್ಕಾದರೂ ಹೋಗಬಹುದು; ದೇಶದ ಹೊರಗೆ ಆ ಅಧಿಕಾರ ಕಿಂಚಿತ್ತೂ ಉಳಿಯುವುದಿಲ್ಲ. ಅಲ್ಲಿ ಬಂಧನ ನಡೆಯುವುದು ಆ ದೇಶದ ಕಾನೂನಿನಂತೆ, ಆ ದೇಶದ ಪೊಲೀಸರ ಕೈಯಲ್ಲಿ. ಇಂಟರ್‌ಪೋಲ್ ಎಂಬ ಅಂತರರಾಷ್ಟ್ರೀಯ ಪೊಲೀಸ್ ಸಂಘಟನೆಯೊಡನೆ ಭಾರತದ ಪರವಾಗಿ ವ್ಯವಹರಿಸುವುದು ಸಿಬಿಐ. ಆರೋಪಿಯನ್ನು ಒಪ್ಪಿಸಿಕೊಳ್ಳುವ ಹಸ್ತಾಂತರ ಪ್ರಕ್ರಿಯೆ ನಡೆಯುವುದು 1962ರ ಹಸ್ತಾಂತರ ಕಾಯ್ದೆಯಡಿ, ವಿದೇಶಾಂಗ ಸಚಿವಾಲಯದ ಮೂಲಕ. ಹೀಗೆ ಸಂಬಳ ರಾಜ್ಯದ್ದು, ಅನುಮತಿ ಕೇಂದ್ರದ್ದು, ನೆಲ ಮೂರನೆಯವರದ್ದು ಆದಾಗ ಹೊಣೆಗಾರಿಕೆ ಮೂವರ ನಡುವೆ ಜಾರಿಹೋಗುವ ಅಪಾಯ ದೊಡ್ಡದು.

ಭೂಗತ ಲೋಕದ ಪಾತಕಿ ರವಿ ಪೂಜಾರಿಯ ಪ್ರಕರಣ ಇದಕ್ಕೆ ಹತ್ತಿರದ ನಿದರ್ಶನ. ಆತ ಸುಳ್ಳು ಹೆಸರಿನಲ್ಲಿ ಬುರ್ಕಿನಾ ಫಾಸೊ ದೇಶದ ಪಾಸ್‌ಪೋರ್ಟ್ ಇಟ್ಟುಕೊಂಡು ಪಶ್ಚಿಮ ಆಫ್ರಿಕದಲ್ಲಿ ನೆಲೆಸಿದ್ದ. 2019ರ ಜನವರಿಯಲ್ಲಿ ಸೆನೆಗಲ್‌ನಲ್ಲಿ ಸಿಕ್ಕಿಬಿದ್ದು, ದೀರ್ಘ ಕಾನೂನು ಹೋರಾಟದ ನಂತರ 2020ರ ಫೆಬ್ರುವರಿಯಲ್ಲಿ ಕರ್ನಾಟಕ ಪೊಲೀಸರ ತಂಡದೊಂದಿಗೆ ಬೆಂಗಳೂರಿಗೆ ಬಂದಿಳಿದ. ಕಾರ್ಯಾಚರಣೆ ಶ್ಲಾಘನೀಯವೇ ಸರಿ. ಆತನ ಬೆದರಿಕೆ ಕರೆಗಳಿಂದ ವರ್ಷಗಟ್ಟಲೆ ನಲುಗಿದವರಿಗೆ ಅದು ನಿಜವಾದ ನೆಮ್ಮದಿ ತಂದಿತು. ಆದರೆ ಯಶಸ್ಸು ಲೆಕ್ಕ ಒಪ್ಪಿಸುವುದರಿಂದ ವಿನಾಯಿತಿ ನೀಡುವುದಿಲ್ಲ. ತಂಡದ ಗಾತ್ರ, ಹೊರದೇಶದಲ್ಲಿ ಕಳೆದ ದಿನಗಳು, ತಗಲಿದ ವೆಚ್ಚ, ಸ್ಥಳೀಯ ಅಧಿಕಾರಿಗಳೊಡನೆ ನಡೆದ ವ್ಯವಹಾರದ ವರದಿ ಇವೆಲ್ಲ ಪ್ರಕರಣ ಒಂದು ಹಂತಕ್ಕೆ ಬಂದ ಮೇಲೆ ಸದನದ ಮುಂದೆ ಬರುವಂತಾದರೆ, ಮುಂದಿನ ತಂಡಕ್ಕೆ ಅದೇ ಕೈಪಿಡಿಯಾಗುತ್ತದೆ, ತೆರಿಗೆ ಕೊಟ್ಟವರಿಗೆ ಅದೇ ಉತ್ತರವಾಗುತ್ತದೆ.

ಹಣದ ಮೂಲ ಮಸುಕಾಗಿದ್ದರೆ ಏನಾಗಬಹುದು ಎಂಬುದನ್ನು ತಿಳಿಯಲು ಸೆನೆಗಲ್‌ವರೆಗೆ ಹೋಗಬೇಕಾಗಿಲ್ಲ. 2023ರ ಆಗಸ್ಟ್‌ನಲ್ಲಿ ಸೈಬರ್ ವಂಚನೆಯ ತನಿಖೆಗೆಂದು ಕೇರಳಕ್ಕೆ ಹೋಗಿದ್ದ ಬೆಂಗಳೂರಿನ ನಾಲ್ವರು ಪೊಲೀಸರನ್ನು, ಆರೋಪಿಗಳನ್ನು ಬಿಡಲು ಲಕ್ಷಾಂತರ ರೂಪಾಯಿ ಪಡೆದರೆಂಬ ಆಪಾದನೆಯ ಮೇಲೆ, ಕೊಚ್ಚಿ ಬಳಿಯ ಕಳಮಶ್ಶೇರಿ ಪೊಲೀಸರೇ ವಶಕ್ಕೆ ಪಡೆದರು. ಆಪಾದನೆಯ ಸತ್ಯಾಸತ್ಯವನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಆದರೆ ಹೊರಗೆ ಹೋಗುವ ತಂಡದ ಕೈಗೆ ಮುಂಗಡ ಹಣ ಕೊಡದೆ, ಪ್ರಯಾಣ ಭತ್ಯೆಯ (ಟಿಎ) ಬಿಲ್ಲು ಮಂಜೂರಾಗಲು ತಿಂಗಳುಗಟ್ಟಲೆ ಕಾಯಿಸಿ, ವಾಹನ ಮತ್ತು ಊಟದ ಖರ್ಚನ್ನು ತನಿಖಾಧಿಕಾರಿಯೋ ದೂರುದಾರರೋ ನೋಡಿಕೊಳ್ಳಲಿ ಎಂದು ಬಿಡುವ ರೂಢಿ ಠಾಣೆಗಳ ಒಡನಾಟವಿರುವ ಯಾರಿಗೂ ಹೊಸದಲ್ಲ. ದೂರುದಾರರ ಕಾರಿನಲ್ಲಿ, ದೂರುದಾರರು ತೆಗೆಸಿದ ಟಿಕೆಟ್ಟಿನಲ್ಲಿ ಹೊರಟ ತನಿಖೆ, ಅಧಿಕಾರಿ ಎಷ್ಟೇ ಪ್ರಾಮಾಣಿಕರಾಗಿದ್ದರೂ, ಒಂದು ಪಕ್ಷದ ಋಣದಲ್ಲಿಯೇ ಆರಂಭವಾಗುತ್ತದೆ. ಟಿಕೆಟ್ ತೆಗೆಸುವ ಶಕ್ತಿಯಿಲ್ಲದ ಬಡವರ ದೂರು ಕಡತದಲ್ಲೇ ಉಳಿಯುತ್ತದೆ. ಇದು ನ್ಯಾಯವನ್ನು ಹಣವಿದ್ದವರಿಗೆ ಮೀಸಲಿಡುವ ಪದ್ಧತಿ, ಇದನ್ನು ಆಡಳಿತದ ಸಣ್ಣಪುಟ್ಟ ಲೋಪವೆಂದು ತಳ್ಳಿಹಾಕಲಾಗದು.

ವಿಶ್ವಸಂಸ್ಥೆಯ ಶಾಂತಿಪಾಲನಾ ಕಾರ್ಯಕ್ಕೆ ಹೋಗುವ ಪೊಲೀಸರ ವಿಷಯ ಇನ್ನೊಂದು ಬಗೆಯದು. ಅಲ್ಲಿ ಎರಡು ವಿಧದ ನಿಯೋಜನೆಗಳಿವೆ. ಒಂದು, ಸಜ್ಜಿತ ಪೊಲೀಸ್ ಘಟಕ, ಅಂದರೆ ಆಯುಧ, ವಾಹನ, ಅಡುಗೆಯವರ ಸಹಿತ ಒಟ್ಟಾಗಿ ಹೋಗುವ ನೂರಕ್ಕೂ ಹೆಚ್ಚು ಮಂದಿಯ ತುಕಡಿ. ಕೇಂದ್ರ ಮೀಸಲು ಪೊಲೀಸ್ ಪಡೆಯ ಮಹಿಳೆಯರ ಇಂಥ ಘಟಕವೊಂದನ್ನು ಭಾರತ 2007ರಲ್ಲಿ ಲೈಬೀರಿಯಕ್ಕೆ ಕಳಿಸಿದಾಗ, ಬರೀ ಮಹಿಳೆಯರ ಘಟಕ ಶಾಂತಿಪಾಲನೆಗೆ ಇಳಿದದ್ದು ಜಗತ್ತಿನಲ್ಲೇ ಮೊದಲಾಗಿತ್ತು, ಮತ್ತು 2016ರವರೆಗೆ ಸರದಿಯ ಮೇಲೆ ಅಲ್ಲಿ ದುಡಿದ ಆ ಮಹಿಳೆಯರ ಸೇವೆ ಹೆಮ್ಮೆಪಡುವಂಥದ್ದು. ಘಟಕದ ಪ್ರತಿ ಸದಸ್ಯರಿಗೆ ತಿಂಗಳಿಗೆ ಇಷ್ಟು ಎಂದು ವಿಶ್ವಸಂಸ್ಥೆ ಕಳಿಸಿಕೊಟ್ಟ ಸರ್ಕಾರಕ್ಕೆ ಹಣ ಮರುಪಾವತಿ ಮಾಡುತ್ತದೆ. 2018ರ ಜುಲೈಯಿಂದ ಆ ದರ 1,428 ಡಾಲರ್ ಇತ್ತು, ನಂತರ ತುಸು ಏರಿತು. ಎರಡನೆಯದು, ಬಿಡಿಯಾಗಿ ಆಯ್ಕೆಯಾಗಿ ಹೋಗುವ ಅಧಿಕಾರಿಗಳು. ಅವರಿಗೆ ಜೀವನಾಧಾರ ಭತ್ಯೆಯನ್ನು ವಿಶ್ವಸಂಸ್ಥೆ ನೇರವಾಗಿ ಕೊಡುತ್ತದೆ, ತವರಿನ ಸಂಬಳದ ಹೊಣೆ ತವರಿನ ಸರ್ಕಾರದ ಮೇಲೆಯೇ ಇರುತ್ತದೆ. ರಾಜ್ಯದಿಂದ ಹೋದ ಅಧಿಕಾರಿಯ ಖಾಲಿ ಜಾಗವನ್ನು ಆ ಅವಧಿಯಲ್ಲಿ ತುಂಬುವವರು ಯಾರು, ಅದರ ಭಾರ ಯಾವ ಠಾಣೆಯ ಮೇಲೆ ಬಿತ್ತು ಎಂಬುದು ಭತ್ಯೆಯ ಲೆಕ್ಕದಲ್ಲಿ ಕಾಣುವುದಿಲ್ಲ.

ಮೇಲ್ವಿಚಾರಣೆಯ ಕೊರತೆ ಇನ್ನೂ ಗಂಭೀರ. ಬಿಡಿ ನಿಯೋಜನೆಯ ಪೊಲೀಸರಿಗೆ 1946ರ ವಿಶ್ವಸಂಸ್ಥೆಯ ಒಡಂಬಡಿಕೆಯಡಿ ಕರ್ತವ್ಯಕ್ಕೆ ಸಂಬಂಧಿಸಿದ ಕೃತ್ಯಗಳಲ್ಲಿ ಸ್ಥಳೀಯ ನ್ಯಾಯಾಲಯಗಳಿಂದ ರಕ್ಷಣೆಯಿದೆ. ತವರಿನಲ್ಲಿ ಮೊಕದ್ದಮೆ ಹೂಡಬೇಕಾದರೂ, ಭಾರತೀಯ ನಾಗರಿಕರು ವಿದೇಶದಲ್ಲಿ ಎಸಗಿದ ಅಪರಾಧದ ವಿಚಾರಣೆಗೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕೆಂದು ದಂಡ ಪ್ರಕ್ರಿಯಾ ಸಂಹಿತೆ ಹೇಳುತ್ತಿತ್ತು. ಅದರ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಹಾಗೆಯೇ ಹೇಳುತ್ತದೆ. ಸುಪ್ರೀಂ ಕೋರ್ಟ್ 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಆದೇಶಿಸಿದ ಪೊಲೀಸ್ ದೂರು ಪ್ರಾಧಿಕಾರಕ್ಕೆ ಕರ್ನಾಟಕ 2012ರ ತಿದ್ದುಪಡಿಯ ಮೂಲಕ ತನ್ನ ಪೊಲೀಸ್ ಕಾಯ್ದೆಯಲ್ಲಿ ಜಾಗ ಕೊಟ್ಟಿತೇನೋ ನಿಜ. ಆದರೆ ಮೈಸೂರಿನ ಸಾಮಾನ್ಯ ನಾಗರಿಕರಿಗೇ ಅಪರಿಚಿತವಾಗಿ ಉಳಿದ ಆ ಪ್ರಾಧಿಕಾರದ ಬಾಗಿಲನ್ನು ದೂರದ ದೇಶದ ಬಡ ಹೆಣ್ಣುಮಗಳೊಬ್ಬಳು ತಟ್ಟಬಲ್ಲಳೆಂದು ನಿರೀಕ್ಷಿಸುವುದು ಹೇಗೆ?

ಪೊಲೀಸರನ್ನು ಹೊರದೇಶಕ್ಕೆ ಕಳಿಸುವ ನಿರ್ಧಾರವನ್ನೇ ಪ್ರಶ್ನಿಸುವ ವಿಷಯದಲ್ಲಿ ಕೀನ್ಯಾದ ಅನುಭವ ಕಣ್ಣು ತೆರೆಸುವಂಥದ್ದು. ಪಾತಕಿ ಗುಂಪುಗಳ ಹಿಂಸೆಗೆ ಸಿಕ್ಕ ಹೈಟಿಗೆ ಸಾವಿರ ಪೊಲೀಸರನ್ನು ಕಳಿಸಲು ಕೀನ್ಯಾ ಮುಂದಾದಾಗ, 2023ರ ಅಕ್ಟೋಬರ್‌ನಲ್ಲಿ ಭದ್ರತಾ ಮಂಡಳಿಯ ಒಪ್ಪಿಗೆ ದೊರೆತಿದ್ದರೂ, 2024ರ ಜನವರಿಯಲ್ಲಿ ನೈರೋಬಿಯ ಹೈಕೋರ್ಟ್ ಆ ನಿಯೋಜನೆ ಸಂವಿಧಾನಬಾಹಿರವೆಂದು ತೀರ್ಪಿತ್ತಿತು. ಪೊಲೀಸರನ್ನು ಹೊರದೇಶಕ್ಕೆ ಕಳಿಸಬೇಕಾದರೆ ಆ ದೇಶದೊಡನೆ ಪರಸ್ಪರ ಒಪ್ಪಂದವಿರಬೇಕೆಂದು ಅಲ್ಲಿಯ ಪೊಲೀಸ್ ಕಾಯ್ದೆ ವಿಧಿಸಿದ್ದರಿಂದಲೇ ಅಲ್ಲಿನ ನಾಗರಿಕರಿಗೆ ಪ್ರಶ್ನಿಸಲು ಆಧಾರ ಸಿಕ್ಕಿತು. ಒಪ್ಪಂದಕ್ಕೆ ಸಹಿ ಬಿದ್ದು ಜೂನ್‌ನಲ್ಲಿ ಪೊಲೀಸರು ಹೊರಟದ್ದು ನಿಜ. ಆದರೂ ಸರ್ಕಾರ ಬಹಿರಂಗವಾಗಿ ಸಮರ್ಥನೆ ಕೊಡಬೇಕಾಯಿತು. ಹೊರದೇಶದ ನಿಯೋಜನೆಗೆ ಷರತ್ತು ವಿಧಿಸುವ ಅಂಥ ಅಧ್ಯಾಯವೊಂದು 1963ರ ಕರ್ನಾಟಕ ಪೊಲೀಸ್ ಕಾಯ್ದೆಗೂ ಬೇಕು.

ಹಣ ಒಬ್ಬರದು, ಆಜ್ಞೆ ಇನ್ನೊಬ್ಬರದು ಆಗುವ ಪರಿಸ್ಥಿತಿ ಮೈಸೂರಿಗೆ ಹಳೆಯದು. ಸಾಮ್ರಾಜ್ಯ ಸೇವಾ ಪಡೆ ಎಂಬ ಹೆಸರಿನಲ್ಲಿ ಸಂಸ್ಥಾನಗಳು ತಮ್ಮ ಖರ್ಚಿನಲ್ಲಿ ಸಾಕಿ, ಬ್ರಿಟಿಷರ ಯುದ್ಧಕ್ಕೆ ಒಪ್ಪಿಸಬೇಕಾಗಿದ್ದ ಸೈನ್ಯದ ಭಾಗವಾಗಿ ಮೈಸೂರು ಲ್ಯಾನ್ಸರ್ಸ್ ಅಶ್ವದಳ 1914ರಲ್ಲಿ ಈಜಿಪ್ಟಿಗೆ ಹೋಯಿತು, 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಕಾಳಗದಲ್ಲಿ ಕಾದಿತು. ಅದರ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ್ 50 ಲಕ್ಷ ರೂಪಾಯಿಯನ್ನು ಯುದ್ಧನಿಧಿಗೆ ಕೊಟ್ಟರು. ದಸರಾ ಸಮಯದಲ್ಲಿ ಮೈಸೂರಿನಲ್ಲಿ ಸೇರುತ್ತಿದ್ದ ಪ್ರಜಾಪ್ರತಿನಿಧಿ ಸಭೆಯಾಗಲಿ, 1907ರಲ್ಲಿ ಹುಟ್ಟಿದ ನ್ಯಾಯವಿಧಾಯಕ ಸಭೆಯಾಗಲಿ ಆಯವ್ಯಯಕ್ಕೆ ಮತ ಹಾಕುವ ಹಕ್ಕನ್ನು ಆಗ ಪಡೆದಿರಲಿಲ್ಲ. ಸವಾರರ ಶೌರ್ಯದ ಬಗ್ಗೆ ಎರಡು ಮಾತಿಲ್ಲ. ಆ ದೂರದ ನೆಲದಲ್ಲಿ ಅವರನ್ನು ಯಾವ ಉದ್ದೇಶಕ್ಕೆ, ಎಷ್ಟು ಕಾಲ ಇರಿಸಬೇಕೆಂದು ಕೇಳುವ ಅಧಿಕಾರ ಖರ್ಚು ಹೊತ್ತ ರೈತನಿಗೆ ಇರಲಿಲ್ಲ. ಇಂದಿನ ಶಾಸಕರಿಗೆ ಆ ಅಧಿಕಾರವಿದೆ, ಅವರು ಅದನ್ನು ಬಳಸದಿರುವುದು ಅಕ್ಷಮ್ಯ.

ಲೆಕ್ಕವನ್ನು ಸದನದ ಮುಂದಿಟ್ಟರೆ ಗೋಪ್ಯತೆ ಕೆಡುತ್ತದೆ, ಆರೋಪಿ ಎಚ್ಚೆತ್ತುಕೊಳ್ಳುತ್ತಾನೆ ಎಂಬ ಆಕ್ಷೇಪ ಬರುವುದು ಖಂಡಿತ. ಕಾರ್ಯಾಚರಣೆ ನಡೆಯುತ್ತಿರುವಾಗ ಅದಕ್ಕೆ ಬೆಲೆಯಿದೆ, ಮುಗಿದ ಮೇಲೆ ಇಲ್ಲ. ಅಷ್ಟಕ್ಕೂ 2025ರ ಜುಲೈನಲ್ಲಿ ಮುಂಬೈನ ಸಾಕಿನಾಕಾ ಠಾಣೆಯ ಪೊಲೀಸರು ಮೈಸೂರಿಗೇ ಬಂದು, ನಗರದ ಹೊರವಲಯದ ಎಂಡಿ (ಮೆಫೆಡ್ರೋನ್) ಮಾದಕವಸ್ತು ತಯಾರಿಕಾ ಘಟಕದ ಮೇಲೆ ದಾಳಿ ಮಾಡಿದಾಗ ಎದ್ದ ಗದ್ದಲ, ಹೊರಗಿನ ಪೊಲೀಸರು ಬಂದಾಗ ಆತಿಥೇಯ ಊರಿಗೆ ಎಷ್ಟು ಪ್ರಶ್ನೆಗಳು ಏಳುತ್ತವೆ ಎಂಬುದನ್ನು ಈ ನಗರಕ್ಕೆ ಕಲಿಸಿದೆ. ಮೈಸೂರಿಗರು ಮುಂಬೈ ಪೊಲೀಸರಿಂದ ಬಯಸಿದ ಪಾರದರ್ಶಕತೆಯನ್ನು ಸೆನೆಗಲ್‌ನ ಜನ ಕರ್ನಾಟಕ ಪೊಲೀಸರಿಂದ ಬಯಸಿದರೆ ಅದು ನ್ಯಾಯವೇ.

ಆದ್ದರಿಂದ ಗೃಹ ಇಲಾಖೆ ಹೊರರಾಜ್ಯ ಮತ್ತು ಹೊರದೇಶದ ನಿಯೋಜನೆಗಳಿಗೆ ಆಯವ್ಯಯದಲ್ಲಿ ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆಯಬೇಕು, ಪೂರ್ಣ ಮುಂಗಡವನ್ನು ತಂಡ ಹೊರಡುವ ಮೊದಲೇ ಕೊಡಬೇಕು, ದೂರುದಾರರಿಂದ ಒಂದು ರೂಪಾಯಿಯ ನೆರವು ಪಡೆದರೂ ಅದನ್ನು ದುರ್ವರ್ತನೆಯೆಂದು ಪರಿಗಣಿಸಬೇಕು. ಪ್ರತಿ ವರ್ಷದ ನಿಯೋಜನೆಗಳ ವರದಿ, ಬಂದ ದೂರುಗಳು ಮತ್ತು ಅವುಗಳ ಗತಿಯ ಸಹಿತ, ವಿಧಾನಮಂಡಲದ ಅಧಿವೇಶನದಲ್ಲಿ ಮಂಡನೆಯಾಗಬೇಕು. ಹೊರದೇಶದವರ ದೂರನ್ನು ರಾಯಭಾರ ಕಚೇರಿಯ ಮೂಲಕ ಸ್ವೀಕರಿಸುವ ಅಧಿಕಾರವನ್ನು ದೂರು ಪ್ರಾಧಿಕಾರಕ್ಕೆ ಕೊಡಬೇಕು. ಮೈಸೂರಿನ ಅಕಾಡೆಮಿಯ ಪಠ್ಯದಲ್ಲಿ ಹಸ್ತಾಂತರ ಕಾನೂನು ಮತ್ತು ಪರದೇಶದ ನಡವಳಿಕೆಯ ನಿಯಮಗಳು ಪರೀಕ್ಷೆಯ ವಿಷಯವಾಗಬೇಕು.